ಸತ್ತಿ ದಂಡೆಯ ವೈಕಿಂಗ್ ದೋಣಿ

ದೋಣಿಯ ತಳಕ್ಕೆ ಸಾಲಾಗಿ ತೂತು ಕೊರೆದು ಹಸಿ ಮಣ್ಣು ಮೆತ್ತಿದ್ದರು. ನಡುಹೊಳೆಯಲ್ಲಿ ಮಣ್ಣು ಕರಗಬೇಕು, ದೋಣಿ ಮುಳುಗಬೇಕು—ಅದೇ ಲೆಕ್ಕ. ಮಂಗಳವಾರ ಬೆಳಿಗ್ಗೆ ಕಾವಲಿನ ಲಗಮಣ್ಣ ಕಾಲಿಟ್ಟಾಗ ಮಣ್ಣು ಕಳಚಿತು.

ಅದರಲ್ಲಿ ಮೊದಲು ಕೂರಬೇಕಾದವಳು ಪ್ರಾಜಕ್ತಾ. ಕಡಲುಗಳ್ಳ ವೈಕಿಂಗರು ಇಂಗ್ಲೆಂಡಿನ ಸ್ಯಾಕ್ಸನ್ನರ ಮೇಲೆ ದಂಡೆತ್ತಿ ಹೋದ ಕಥೆಯ ಟೀವಿ ಧಾರಾವಾಹಿಗೆ ಇತಿಹಾಸದ ಸಲಹೆಗಾರ್ತಿ. ಚಿತ್ರೀಕರಣಕ್ಕೆ ಮುಂಚೆ ದೋಣಿ ಹತ್ತಿ ಪರೀಕ್ಷಿಸುವವಳು ಅವಳೇ. ಅಕ್ಕೋಳದ ಹುಡುಗಿ, ಈಜು ಬಾರದು. ಇಲ್ಲಿ ಸತ್ತಿ ಊರಿನ ಕೃಷ್ಣಾ ಹೊಳೆಯಲ್ಲಿ ಮೊಸಳೆ ಬೇರೆ.

"ಯಾರ ಮ್ಯಾಲ ಸಂಶಯ ಐತಿ?" ಇನ್ಸ್‌ಪೆಕ್ಟರ್ ರಾಜೇಶ್ವರಿ ಕೇಳಿದರು.

"ವೈಕಿಂಗರ ಶಿರಸ್ತ್ರಾಣಕ್ಕ ಕೊಂಬ ಇರಲಿಲ್ಲ, ತಗೀರಿ, ಇಲ್ಲಾಂದ್ರ ಚಾನೆಲ್‌ನವರಿಗೆ ಹೇಳ್ತೀನಿ ಅಂದಿದ್ದೆ. ಹೀರೋ ವಿಶಾಲ ಸಿಟ್ಟಾದ. ಕಲಾ ನಿರ್ದೇಶಕ ಶಿವರಾಜ ಮಾತ ಬಿಟ್ಟಾರ. ದೋಣೀಗೆ ಲಿಂಬಿಹಣ್ಣ ಕಟ್ಟಿದ್ದಕ್ಕ ಲಗಮಣ್ಣಗೂ ಬೈದಿದ್ದೆ." ಪ್ರಾಜಕ್ತಾ ಚೀಲ ಹೆಗಲಿಗೇರಿಸಿದಳು. "ನಾ ಮನೀಗೆ ಹೊಕ್ಕೀನ್ರಿ. ಇವತ್ತ ತಪ್ಪೇತಿ, ನಾಳೆ?"

ಭಾನುವಾರ ದೋಣಿ ನೀರಿನಲ್ಲೇ ಓಡಾಡಿತ್ತು. ಅಂದರೆ ಕೊರೆದದ್ದು ಸೋಮವಾರ. ಅಂದು ವಿಶಾಲ ಇಡೀ ದಿನ ನಿಪ್ಪಾಣಿಯಲ್ಲಿದ್ದ, ಕಂಡವರಿಗೆ ಬರವಿರಲಿಲ್ಲ.

ಲಗಮಣ್ಣ ಕೊಟ್ಟಿಗೆಯಲ್ಲಿ ಸಿಕ್ಕ. ಎತ್ತುಗಳ ಹಣೆಯಲ್ಲಿ ಹಿಂದಿನ ದಿನದ ಕುಂಕುಮ ಒಣಗಿ ನಿಂತಿತ್ತು.

"ನಿನ್ನಿ ಕಾವಲ ಬಿಟ್ಟ ಎಲ್ಲಿ ಹೋಗಿದ್ದಿ?"

"ಎತ್ತಿನ ಮೈ ತೊಳದು ಮನೀಗೆ ಹೊಡಕೊಂಡ ಹೋದೆನ್ರಿ, ಪೂಜಾಕ. ಅಕ್ಕಾರು ಬೈದ್ರ ಬೈಲಿ, ಅಷ್ಟಕ್ಕ ಜೀವಾ ತಗೀತಾರೇನ್ರಿ?"

ಶಿವರಾಜ ಮೈಸೂರು ಕಡೆಯವನು. ಅವನ ಡೇರೆಯ ತುಂಬ ಕೊಂಬಿನ ಶಿರಸ್ತ್ರಾಣಗಳು.

"ಕೊಂಬಿಲ್ಲದೆ ವೈಕಿಂಗ್ ಅಂತ ಯಾರಿಗೆ ಗೊತ್ತಾಗುತ್ತೆ ಮೇಡಂ? ಸಾವಿರ ವರ್ಷದ ಹಿಂದಿನದು. ಯಾರು ನೋಡಿದ್ದಾರೆ?"

"ನಿನ್ನಿ ಎಲ್ಲಿದ್ರಿ?"

"ಲಗಮಣ್ಣನ ಹೊಲದ ಬದುವಿನ ಮೇಲೆ. ಅವನು ಎತ್ತು ಹೂಡಿ ಉಳ್ತಿದ್ದ. ಸ್ಯಾಕ್ಸನ್ ರೈತನ ದೃಶ್ಯಕ್ಕೆ ಬೇಕಿತ್ತು, ಕೂತು ಚಿತ್ರ ಬರ್ಕೊಂಡೆ."

ತೋರಿಸಿಯೂ ತೋರಿಸಿದ. ನೊಗ, ನೇಗಿಲು—ಬಲು ಚೆಂದದ ಚಿತ್ರ. ಪೊಲೀಸರೆದುರು ಇಷ್ಟು ನಿರಾಳವಾಗಿ ಮಾತಾಡುವವರನ್ನು ಕಂಡರೆ ಯಾಕೋ ಭಯವಾಗುತ್ತದೆ.

ರಾಜೇಶ್ವರಿ ಹೊರಗಿದ್ದ ಪ್ರಾಜಕ್ತಾಳನ್ನು ಕರೆದರು. ಅವಳು ಡೇರೆಯ ಬಾಗಿಲಲ್ಲೇ ನಿಂತಳು.

"ಬಾ ತಂಗಿ. ನೀ ಅಂಜಬೇಕಾಗಿದ್ದು ಇವಂಗ."

ಶಿವರಾಜ ಎದ್ದು ನಿಂತ. "ಏನು ಸಾಕ್ಷಿ?"

"ನಿಮ್ಮ ಚಿತ್ರಾನ. ನಿನ್ನಿ ಸೋಮವಾರ—ಬಸವಣ್ಣನ ದಿನ. ಈ ಕಡೆ ರೈತರು ಅವತ್ತ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ಪೂಜಾದ ಕುಂಕುಮ ಇನ್ನೂ ಹಣಿ ಮ್ಯಾಲ ಐತಿ. ನೀವು ನೋಡಲಾರದ್ದ ಬರದೀರಿ. ನೋಡಿದ್ದು ಒಂದ—ಲಗಮಣ್ಣ ಹೋದ ಮ್ಯಾಲ ದಂಡಿ ಖಾಲಿ ಇದ್ದದ್ದು."

ಶಿವರಾಜ ಮತ್ತೆ ಕೂತ. "ಚಾನೆಲ್‌ಗೆ ಹೇಳಿದ್ದರೆ ನನ್ನ ಕೆಲಸವೆಲ್ಲ ಮಣ್ಣುಪಾಲಾಗ್ತಿತ್ತು. ಹೆದರಿಸೋಣ ಅಂತ, ಅಷ್ಟೇ."

"ಅಷ್ಟ ಅಂತ ಮೊಸಳಿಗೆ ಯಾರ ಹೇಳಾವರಿದ್ರು?" ರಾಜೇಶ್ವರಿ ಎದ್ದರು. "ಸಾವಿರ ವರ್ಷದ ಹಿಂದಿಂದು ಯಾರೂ ನೋಡಿಲ್ಲ, ಖರೆ. ನಿನ್ನಿದು ಊರ ಎಲ್ಲಾ ನೋಡೇತಿ."

ಜೀಪು ಹೋದ ಮೇಲೆ ಪ್ರಾಜಕ್ತಾ ಮನೆಗೆ ಹೋಗಲಿಲ್ಲ. ಡೇರೆಯಲ್ಲಿ ಕೂತು ಶಿರಸ್ತ್ರಾಣಗಳ ಕೊಂಬನ್ನು ಒಂದೊಂದಾಗಿ ಕಿತ್ತಳು.