ನೀವೇ ಆರಿಸ್ರಿ

"ಗೇಮ್ ಆಡೋ ಕಂಪ್ಯೂಟರ್ ಒಂದು ಜೋಡಿಸಿ ಕೊಡಬೇಕಾಗಿತ್ರಿ."

ಆ ದನಿ ಕೇಳಿದ್ದೇ ತಡ, ಮಥುರಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೌಂಟರಿನ ಮೇಲೆ ಟಣ್ಣನೆ ಬಿತ್ತು.

ತಲೆ ಎತ್ತಲೇಬಾರದು ಅಂದುಕೊಂಡಳು. ಎತ್ತಿದಳು.

ಚಂದ್ರಶಾ! ವರ್ಷದಿಂದ ಮುಖ ತೋರಿಸದವನು, ಕಮಲಾಪುರದ ಬಸ್ಸಿನ ಧೂಳನ್ನು ಅಂಗಿಯ ಮೇಲೆ ಹೊತ್ತುಕೊಂಡು ಸ್ಟೇಶನ್ ಬಜಾರದ ಆ ಕಂಪ್ಯೂಟರ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಹಾಳಾದವನು, ಸೊರಗಿದ್ದ ಬೇರೆ!

'ಬರಲಿಕ್ಕೆ ಇವತ್ತೇ ಬೇಕಾಗಿತ್ತೇನು ಇವಗ?'

ಹೌದು, ಇವತ್ತೇ. ನಾಳೆ ಸೋಲಾಪುರದ ವರನ ಕಡೆಯವರು ಬ್ರಹ್ಮಪುರದ ಅವಳ ಮನೆಗೆ ಬರುವವರಿದ್ದರು. ಸಕ್ಕರೆ ಹಂಚಿ ಮಾತು ಮುಗಿಸುವುದೊಂದೇ ಬಾಕಿ. "ಊಟದ ಹೊತ್ತಿಗೆ ಅಂಗಡಿಗೆ ಫೋನ್ ಮಾಡ್ತೀನಿ. ಹೂಂ ಅಂತಿಯೋ, ಉಹೂಂ ಅಂತಿಯೋ, ಒಂದು ಹೇಳಿಬಿಡು" ಎಂದು ತಾಯಿ ಸರಸ್ವತೀಬಾಯಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದರು.

ಹೂಂ ಅನ್ನುವುದೆಂದು ಗಟ್ಟಿ ಮಾಡಿಕೊಂಡೇ ಮಥುರಾ ಕೆಲಸಕ್ಕೆ ಬಂದಿದ್ದಳು.

ಅಂಗಡಿ ಮಾಲೀಕ ಗುಲಾಮ್ ರಸೂಲ್ ಇಬ್ಬರ ಮುಖವನ್ನೂ ನೋಡಿದರು. ಹಿಂದಿನದೆಲ್ಲ ಬಲ್ಲವರು.

"ಬೇಟಿ, ಗಿರಾಕಿ ಬಂದಾರ, ನೋಡ್ಕೋ. ನಾ ನಮಾಜ್ ಮಾಡಿ ಬರ್ತೇನಿ" ಎಂದು ಟೋಪಿ ಹಾಕಿಕೊಂಡು ಜಾಗ ಖಾಲಿ ಮಾಡಿದರು. ನಮಾಜಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

"ಯಾರ ಸಲುವಾಗಿ ಕಂಪ್ಯೂಟರ್ರಿ?" ಅಪರಿಚಿತನನ್ನು ಕೇಳುವಂತೆ ಕೇಳಿದಳು.

"ಕಮಲಾಪುರದಾಗ ಗೇಮ್ ಸೆಂಟರ್ ತೆರಿಯಾಕತ್ತೀನ್ರಿ. ಇದು ಮೊದಲನೇ ಮಷೀನು. ಬಾಳ ದುಬಾರಿ ಬ್ಯಾಡ್ರಿ, ಹಂಗಂತ ತೀರಾ ಅಗ್ಗದ್ದೂ ಬ್ಯಾಡ."

ಗೇಮ್ ಸೆಂಟರ್... ಅದು ಇಬ್ಬರ ಕನಸಲ್ಲವೇ!

ಹಾರ್ಡ್‌ವೇರ್ ಕೋರ್ಸಿನ ಒಂದೇ ಬೆಂಚಿನಲ್ಲಿ ಹುಟ್ಟಿದ ಕನಸು. ಮದುವೆಯಲ್ಲಿ ತಾಳಿ ಒಂದು ಕಡೆಯವರು, ಉಂಗುರ ಇನ್ನೊಂದು ಕಡೆಯವರು ತರುವ ಹಾಗೆ, ಮೊದಲ ಮಷೀನನ್ನು ಅರ್ಧರ್ಧ ಕೊಳ್ಳೋಣ ಎಂದು ಮಾತಾಗಿತ್ತು. ಗ್ರಾಫಿಕ್ಸ್ ಕಾರ್ಡು, ಮಾನಿಟರು ಅವಳ ಪಾಲು. ಮದರ್‌ಬೋರ್ಡು, ಪ್ರೊಸೆಸರು ಅವನ ಪಾಲು. ಅವಳು ಹೈದರಾಬಾದಿನಿಂದ ಕಾರ್ಡು ತರಿಸಿ, ಮನೆಯವರ ಕಣ್ಣಿಗೆ ಬೀಳದಂತೆ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದಳು.

ಜೋಡಿಸಲು ಕೂತ ದಿನ ನೋಡಿದರೆ, ಆ ಕಾರ್ಡು ಬೋರ್ಡಿಗೆ ಹೊಂದಲೇ ಇಲ್ಲ! ಅವಳು ಮಾತಾದಂತೆ ಹಳೇ ನಮೂನೆಯ ಸ್ಲಾಟಿನ ಕಾರ್ಡು ತಂದಿದ್ದಳು. ಅವನು ಹೇಳದೆ ಕೇಳದೆ ಹೊಸ ನಮೂನೆಯ ಬೋರ್ಡು ತಂದಿದ್ದ.

"ಆ ಕಾರ್ಡ್ ಒಗಿ ಅತ್ತಾಗ, ನಾ ಬ್ಯಾರೆ ತರ್ತೇನಿ" ಎಂದು ನಕ್ಕಿದ್ದ. ಅದೇ ನಗುವಿನಲ್ಲಿ ಇನ್ನೊಂದು ಸುದ್ದಿ ಬೇರೆ. "ಮದುವಿ ದಿನಾನೂ ತೆಗಿಸೇನಿ. ನೀ ಅಂಗಡಿ ಕೆಲಸ ಬಿಟ್ಟು ನಮ್ಮೂರಿಗೆ ಬರ್ತಿ ಅಂತ ಅವ್ವಗ ಹೇಳಿಬಿಟ್ಟೇನಿ."

ಕಾರ್ಡಿನ ವಿಷಯಕ್ಕೂ ಅವಳನ್ನು ಕೇಳಲಿಲ್ಲ, ಬಾಳಿನ ವಿಷಯಕ್ಕೂ ಕೇಳಲಿಲ್ಲ! ಅವತ್ತು ಎದ್ದು ಬಂದವಳು ತಿರುಗಿ ನೋಡಿರಲಿಲ್ಲ. ಅವನೂ ಹಿಂದೆ ಬರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು.

"ಪ್ರೊಸೆಸರ್ ಯಾವುದು ಹಾಕಬೇಕ್ರಿ?"

"ನೀವೇ ಆರಿಸ್ರಿ."

"ಮದರ್‌ಬೋರ್ಡು?"

"ನಿಮಗ ಯಾವುದು ಛಲೋ ಅನಸ್ತದ, ಅದ..."

'ಓಹೋ! ಅಣಕಿಸಲಿಕ್ಕೆ ಬಂದಾನ!' ಮಥುರಾಳಿಗೆ ಮೈಯೆಲ್ಲ ಉರಿದುಹೋಯಿತು. ಬೇಕೆಂದೇ, ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಪ್ರೊಸೆಸರನ್ನು ತೆಗೆದಿಟ್ಟಳು.

"ನಿಮ್ಮ ಸೆಂಟರು ತಗಡಿನ ಶೆಡ್ಡೇನ್ರಿ?"

"ಹೌದ್ರಿ."

"ಈ ಬಿಸಿಲಾಗ, ತಗಡಿನ ಕೆಳಗ, ಇದು ನಡೀತದೇನು?"

"ನಿಮ್ಮಿಷ್ಟರಿ."

ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯ ಸರದಿ ಬಂತು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವುದನ್ನೇ ತೋರಿಸಿದಳು. ಪಂಪ್‌ಸೆಟ್ಟು ಶುರುವಾದರೆ ದೀಪ ಮಂಕಾಗುವ ಊರು ಅವನದು. ಅಲ್ಲಿ ಇಂಥದ್ದು ಬಾಳುವುದಿಲ್ಲ, ಅದು ಅವನಿಗೂ ಗೊತ್ತು.

"ಇರಲಿ ಬಿಡ್ರಿ" ಎಂದ.

ಕೊನೆಗೆ ಅವಳು ಹೊಸ ನಮೂನೆಯ ಬೋರ್ಡಿನ ಪಕ್ಕದಲ್ಲಿ ಹಳೇ ನಮೂನೆಯ ಕಾರ್ಡೊಂದನ್ನು ತಂದು ಕುಕ್ಕಿದಳು. ಅವನ ಕಣ್ಣು ಅದರ ಮೇಲೆ ನಿಂತಿತು. ತುಟಿ ತೆರೆಯಿತು... ಮುಚ್ಚಿತು.

"ಪ್ಯಾಕ್ ಮಾಡ್ರಿ."

"ಚಂದ್ರಶಾ!" ಮಥುರಾ ಕೌಂಟರಿಗೆ ಕೈ ಬಡಿದಳು. "ಇದು ಇದಕ್ಕ ಹೊಂದೂದಿಲ್ಲ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತದ."

"ಮತ್ಯಾಕ ಬಾಯಿ ಹೊಲಕೊಂಡು ನಿಂತಿ?"

"ಹೋದ ಸಲ ಬಾಯಿ ಬಿಟ್ಟು ನಿನ್ನ ಕಳಕೊಂಡೆ, ಮಥುರಾ!" ಅವನ ದನಿ ಒಡೆಯಿತು. "ನಿನ್ನ ಕೇಳಲಾರದ ಎಲ್ಲಾ ನಾನ ಮಾಡಿದೆ. ಇನ್ನಮ್ಯಾಗ ಎಲ್ಲಾ ನೀ ಹೇಳಿದಂಗ ಅಂತ ಆಣಿ ಮಾಡೇನಿ. ನೀ ಬಿಟ್ಟು ಹೋಗ್ತೇನಿ ಅಂದಿ, ಅದಕ್ಕೂ ಅಡ್ಡ ಬರಲಿಲ್ಲ. ಸೋಲಾಪುರದ ಸುದ್ದಿ ಗುಲಾಮ್ ಚಾಚಾ ಹೇಳಿದ್ರು. ತಡಕೊಳ್ಳಾಕ ಆಗಲಿಲ್ಲ... ಬಂದೆ."

"ಬಂದು ಏನು ಮಾಡಿದಿ? ಪ್ಯಾಕ್ ಮಾಡ್ರಿ ಅಂದಿ!" ಅವಳ ಕಣ್ಣೀರು ಧಾರಾಕಾರ ಸುರಿಯಿತು. "ಅವತ್ತು ಎಲ್ಲಾ ನಿಂದ. ಇವತ್ತು ಎಲ್ಲಾ ನನ್ನ ತಲಿ ಮ್ಯಾಲೆ. ನಾಳೆ ಏನರ ಕೆಟ್ಟರ ನೀನ ಆರಿಸಿದ್ದಿ ಅನ್ನಲಿಕ್ಕೇನು? ಇಬ್ಬರೂ ಕೂತು ಮಾತಾಡೂದು ಅಂತ ಒಂದು ಇಲ್ಲೇನು? ನನ್ನ ಜೋಡಿ ಜಗಳಾ ಆಡಲಿಕ್ಕೂ ಬ್ಯಾಸರೇನು ನಿನಗ?"

ಚಂದ್ರಶಾ ತಲೆ ತಗ್ಗಿಸಿದ. ಹೊರಗೆ ಆಟೋದವರು ಗಿರಾಕಿಗಾಗಿ ಕೂಗುತ್ತಿದ್ದರು. ಅವನು ಆ ಕಾರ್ಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಇದು ಬ್ಯಾಡ. ಆ ಪ್ರೊಸೆಸರೂ ಬ್ಯಾಡ, ತಣ್ಣಗ ನಡಿಯೋದು ಕೊಡು. ಎಸ್‌ಎಂಪಿಎಸ್ ಗಟ್ಟಿದು ಬೇಕು."

"ಹಂಗಾದ್ರ ರೊಕ್ಕ ಮೀರ್ತದ, ಕಾರ್ಡ್ ಒಂದು ಮೆಟ್ಟಲ ಕೆಳಗಿಂದು ತಗೋಬೇಕಾಗ್ತದ."

"ಇಲ್ಲ. ರ‍್ಯಾಮ್ ಅರ್ಧ ಹಾಕೂಣು."

"ಅರ್ಧ ರ‍್ಯಾಮಿನಾಗ ಗೇಮ್ ಮುಗ್ಗರಿಸ್ತಾವ!"

"ಮುಗ್ಗರಿಸಲಿ. ರ‍್ಯಾಮ್ ಆಮ್ಯಾಲೆ ಸೇರಸಬಹುದು. ಕಾರ್ಡ್ ಮ್ಯಾಲಿಂದ ಮ್ಯಾಲೆ ಬದಲಿ ಮಾಡಾಕ ಬರೂದಿಲ್ಲ."

"ಮೊಂಡ!"

"ನೀ ಏನು ಕಡಿಮಿ?"

ಅಳುತ್ತಳುತ್ತಲೇ ಅವಳಿಗೆ ನಗು ಬಂತು. ವರ್ಷದ ಸಿಟ್ಟು ಒಂದು ನಗೆಗೆ ಕರಗುವಷ್ಟು ಸಣ್ಣದಾಗಿರಲಿಲ್ಲ, ಬಿಡಿ. ಆದರೂ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು.

"ನಾ ಅಂಗಡಿ ಕೆಲಸ ಬಿಡೂದಿಲ್ಲ" ಎಂದಳು ಕಣ್ಣೊರೆಸಿಕೊಂಡು.

"ಬಿಡಬ್ಯಾಡ. ಆದ್ರ ನಾ ಕಮಲಾಪುರ ಬಿಟ್ಟು ಬರಾಕ ಆಗೂದಿಲ್ಲ, ಮಥುರಾ. ಅವ್ವ ಅದಾಳ, ಬಾಳಿ ತೋಟ ಅದ."

ಅವನು ಅವಳ ಮುಖ ನೋಡಿ 'ಆಗೂದಿಲ್ಲ' ಅಂದದ್ದು ಇದೇ ಮೊದಲು. ಅವಳಿಗೆ ಯಾಕೋ ಅದೇ ಹಿತವಾಯಿತು.

"ದಿನಾ ಬಸ್ಸಿಗೆ ಓಡಾಡ್ತೀನಿ."

"ದಣಿತಿ."

"ದಣದು ಬಂದ ದಿನ ನೀ ರೊಟ್ಟಿ ಬಡಿ."

"ನನಗ ಬರೂದಿಲ್ಲ."

"ಕಲಿ!"

ಫೋನು ಬಡಿದುಕೊಂಡಿತು. ಇಬ್ಬರೂ ಬೆಚ್ಚಿದರು. ಮಥುರಾ ರಿಸೀವರ್ ಎತ್ತಿದಳು.

"ಏನಂತಿ ಮಥುರಾ? ಅವರಿಗೆ ಹೇಳಿ ಕಳಸಬೇಕು."

"ಉಹೂಂ, ಆಯಿ."

"ಉಹೂಂ? ಯಾಕ?"

"ಚಂದ್ರಶಾ ಬಂದಾನ, ಆಯಿ. ನಾ ಅವನ್ನ..."

"ಸಾಕು!" ಸರಸ್ವತೀಬಾಯಿಯ ದನಿ ಗದ್ಗದವಾಗಿತ್ತು. "ಸೋಲಾಪುರದವರ ಮುಂದ ನಿಮ್ಮಪ್ಪ ಹೆಂಗ ತಲಿ ಎತ್ತಬೇಕು? ಅವನ ಹಿಂದ ಹೋಗೂದಿತ್ತಂದ್ರ ಹೋಗು. ಈ ಮನಿ ಹೊಸ್ತಿಲಾ ಮಾತ್ರ ಮತ್ತ ತುಳಿಬ್ಯಾಡ."

ಫೋನು ಕಟ್ಟಾಯಿತು. ಮಥುರಾ ರಿಸೀವರನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಬೆಳಿಗ್ಗೆ ಹೊರಡುವಾಗ ತಾಯಿ ಡಬ್ಬಿಗೆ ಕಟ್ಟಿಕೊಟ್ಟ ಊಟ ಇನ್ನೂ ಹಾಗೇ ಇತ್ತು. ಅವಳು ಅಳುತ್ತ ಸ್ಟೂಲಿನ ಮೇಲೆ ಕೂತಳು. ಗೆದ್ದ ಸಂತೋಷ ಅಂತಾರಲ್ಲ, ಅದು ಹತ್ತಿರಕ್ಕೂ ಸುಳಿಯಲಿಲ್ಲ.

ಚಂದ್ರಶಾ ಕೌಂಟರ್ ಸುತ್ತಿ ಬಂದು, ಅವಳ ಕಾಲ ಬಳಿ ನೆಲದ ಮೇಲೆ ಕೂತ.

"ಸುಮ್ಮನಾಗು ಅನ್ನಲೇನು?"

"ಬ್ಯಾಡ."

"ನಾಳೆ ನಿಮ್ಮ ಮನಿಗೆ ಹೋಗಿ ನಿಮ್ಮ ಆಯಿ, ಅಪ್ಪನ ಕಾಲಿಗೆ ಬೀಳಲೇನು?"

"ಇಬ್ಬರೂ ಹೋಗೂಣು."

"ಒಳಗ ಕರೀಲಿಲ್ಲಂದ್ರ?"

"ಕಟ್ಟಿ ಮ್ಯಾಲೆ ಕೂಡೂಣು."

ಅವನು ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅಂಜುತ್ತಂಜುತ್ತ ಕೇಳಿದ.

"ಮಥುರಾ... ನಿನ್ನ ಕೈ ಹಿಡಕೊಳ್ಳಲೇನು?"

ಅವಳು ಬಗ್ಗಿ, ಒದ್ದೆ ಮುಖವನ್ನು ಅವನ ಹೆಗಲಿಗೆ ಒತ್ತಿದಳು.

"ಅದೊಂದು ಕೇಳಬ್ಯಾಡ, ಚಂದ್ರಶಾ... ಅದೊಂದು ಯಾವತ್ತೂ ಕೇಳಬ್ಯಾಡ."