ಬಿಡಿ ಎನ್ನುವ ತನಕ

ಕೊರಗಪ್ಪ ಒಡೆದ ಸೋಡಾ ಬಾಟ್ಲಿ ಹಿಡಿದು ಸಯನ್ ಬಡಾವಣೆಯ ವ್ಯಾಯಾಮಶಾಲೆಗೆ ನುಗ್ಗಿದಾಗ ಮೋನಪ್ಪನ ಎರಡೂ ಕೈ ತಲೆಯ ಮೇಲಿದ್ದವು, ಕೈಯಲ್ಲಿ ಕಬ್ಬಿಣದ ಬಾರ್. ಗೋಡೆಗೆ ಅಂಟಿಸಿದ್ದ ಹೆಲ್ಸಿಂಕಿ ಒಲಿಂಪಿಕ್ಸಿನ ಪೇಪರ್ ಪಟದಲ್ಲಿದ್ದ ಹಾಗೆಯೇ ಭಾರ ಎತ್ತಿ ಚಾಳಿನ ಮಕ್ಕಳಿಗೆ ತೋರಿಸುತ್ತಿದ್ದ.

"ನನ್ನ ಮಗಳಿಗೆ ಹೊಡೀತೀಯಾ, ನಾಯಿ?"

ಬಾಟ್ಲಿ ಮೋನಪ್ಪನ ಭುಜಕ್ಕೆ ಬಿತ್ತು. ಬನಿಯನ್ ರಕ್ತದಲ್ಲಿ ತೊಯ್ದಿತು.

ಬಾಗಿಲಲ್ಲಿದ್ದ ಸೇವಂತಿಗೆ ಜೀವ ಬಾಯಿಗೆ ಬಂತು. ಅಣ್ಣ ಕೊರಗಪ್ಪನಿಗೆ ತಿಳಿಸದೆ ಅವನ ಮಗಳು ಅಕ್ಕುವನ್ನು ಸಂಜೆ ಸಂಜೆ ಇಲ್ಲಿಗೆ ಕರೆತರುತ್ತಿದ್ದವಳು ಅವಳೇ. ಮಕ್ಕಳಿಗೆ ಮೊದಲು ಬರೀ ಬಿದಿರು ಕೋಲು. ಅದನ್ನು ಎತ್ತಿ ಕುತ್ತಿಗೆಯ ಬುಡದ ಎಲುಬಿನ ಮೇಲೆ ಕೂರಿಸಬೇಕು. ಕಲಿಯುವ ತನಕ ಅಲ್ಲಿ ನೀಲಿಗಟ್ಟುತ್ತದೆ. ಅಕ್ಕುವಿನ ಆ ಕಲೆ ಕಂಡು ಏಟೆಂದುಕೊಂಡು, ಚಾಳಿನವರಿಂದ ಈ ಜಾಗ ತಿಳಿದು ಬಂದ ಪುಣ್ಯಾತ್ಮ, ಒಂದು ಮಾತು ಕೇಳಬಾರದಿತ್ತೇ!

ಇನ್ನೊಂದು ನಿಯಮವಿತ್ತು. ಎತ್ತಿದ ಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿ ಒಬ್ಬರು "ಬಿಡಿ" ಅನ್ನುವ ತನಕ ಬಿಡಬಾರದು. ಆ ಕೆಲಸವನ್ನು ಮೋನಪ್ಪ ಸೇವಂತಿಗೇ ಒಪ್ಪಿಸಿದ್ದ.

"ಬೇಗ ಹೇಳಿ ಮಾರಾಯ್ರೆ, ಕೈ ಸೋತಿತು," ಎಂದು ನಿನ್ನೆಯಷ್ಟೇ ಗೋಗರೆದಿದ್ದ.

"ಸ್ವಲ್ಪ ನೋಡ್ತೇನೆ, ತಡೀರಿ," ಎಂದಿದ್ದಳು ಅವಳು. ಯಾರನ್ನು ನೋಡುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ಕಣ್ಣು ಕೂಡಿ, ಅವಳ ಕೆನ್ನೆ ಕೆಂಪಾಗಿತ್ತು.

ಈಗ ಮಕ್ಕಳೆಲ್ಲ ಚೀರುತ್ತ ಓಡಿದರು. ಅಕ್ಕು ಮಾತ್ರ ಹೆದರಿ ಮೋನಪ್ಪನ ಕಾಲನ್ನು ತಬ್ಬಿಕೊಂಡಳು. ಬಾರ್ ಬಿಟ್ಟರೆ ಮಗುವಿನ ತಲೆಯೇ ಹೋದೀತು. ಸಿಟ್ಟಿನಲ್ಲಿ ಕೊರಗಪ್ಪನಿಗೆ ಮಗಳೂ ಕಾಣಲಿಲ್ಲ. ಬರಿಗೈಯಲ್ಲಿ ಹೊಟ್ಟೆಗೆ ಗುದ್ದಿದ, ಮುಖಕ್ಕೆ ಗುದ್ದಿದ. ಮೋನಪ್ಪನ ತುಟಿ ಒಡೆಯಿತು. ಬಾರ್ ಮಾತ್ರ ಕೆಳಗಿಳಿಯಲಿಲ್ಲ.

ಸೇವಂತಿ ನುಗ್ಗಿ ಅಕ್ಕುವನ್ನು ಜಡೆ ಹಿಡಿದೇ ಎಳೆದುಕೊಂಡಳು.

"ಬಿಡಿ!"

ಬಾರ್ ಬಿದ್ದ ಸದ್ದಿಗೆ ನೆಲ ಅದುರಿತು. ಅದೇ ಉಸಿರಿನಲ್ಲಿ ಅವಳು ಅಣ್ಣನ ಕೆನ್ನೆಗೆ ಬಾರಿಸಿದಳು.

"ಅದು ಏಟಲ್ಲ, ಕೋಲಿನ ಕಲೆ! ಇಲ್ಲಿಗೆ ಕರಕೊಂಡು ಬಂದವಳು ನಾನು. ನಿನ್ನ ಮಗಳ ತಲೆ ಉಳಿಸ್ಲಿಕ್ಕೆ ಇಷ್ಟು ಪೆಟ್ಟು ತಿಂದ್ರಲ್ಲ ಇವರು, ಕಣ್ಣು ಕಾಣುದಿಲ್ವಾ ನಿಂಗೆ?"

ಕೊರಗಪ್ಪ ಮಣ್ಣಿನಲ್ಲಿ ಹೂತ ಬಾರನ್ನು ನೋಡಿದ, ಅಳುತ್ತಿದ್ದ ಮಗಳನ್ನು ನೋಡಿದ. ಕೈಯಲ್ಲಿದ್ದ ಬಾಟ್ಲಿ ಜಾರಿತು. ಆಮೇಲೆ ಕಂಡದ್ದು ತಂಗಿಯ ಕೈ. ಅದು ಮೋನಪ್ಪನ ರಕ್ತದ ಮುಷ್ಟಿಯೊಳಗಿತ್ತು.

"ಅವಳ ಕೈ ಬಿಡೋ," ಎಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಮೋನಪ್ಪ ಸೇವಂತಿಯ ಮುಖ ನೋಡಿದ.

"ನಾನು ಹೇಳದೆ ಇವರು ಬಿಡುದಿಲ್ಲ ಅಣ್ಣ," ಎಂದಳು ಅವಳು. "ನಾನು ಹೇಳುದೂ ಇಲ್ಲ."