ಬಾಲದ ಎಲುಬು

“ಏ ಸ್ನೇಹಲ, ಬಾಲ ಮಡಚಿಕೊಂಡು ಕೂಡ್ರ ಬೇ! ಯಾರರೆ ತುಳದಾರು!”

ಹಿಂದಿನ ಬೆಂಚಿನಿಂದ ಸುರಜ ಕೂಗಿದ. ಐದನೇ ಕ್ಲಾಸಿಗೆ ಕ್ಲಾಸೇ ನಕ್ಕಿತು. ಸ್ನೇಹಲ ತಾನು ಕೂತಿದ್ದ ರಬ್ಬರ್ ದಿಂಬನ್ನು ಸ್ಕರ್ಟಿನಿಂದ ಮುಚ್ಚಿಕೊಂಡಳು. ಅದರ ನಡುವೆ ದೊಡ್ಡ ತೂತಿತ್ತು.

ನಾಲ್ಕು ದಿನದ ಹಿಂದೆ ಆಕೆ ಐಗಳಿ ಊರಿನಲ್ಲಿರುವ ತಮ್ಮ ದ್ರಾಕ್ಷಿ ತೋಟದಲ್ಲಿ ಒಣದ್ರಾಕ್ಷಿ ಶೆಡ್ಡಿನ ಮೆಟ್ಟಿಲ ಮೇಲೆ ಕಾಲು ಜಾರಿ, ಕುಂಡಿಯೂರಿ ಧಪ್ಪನೆ ಬಿದ್ದಿದ್ದಳು. ಅಥಣಿಯ ಡಾಕ್ಟರು ಎಕ್ಸ್‌ರೇ ತೆಗೆಸಿ, “ಬಾಲದ ಎಲುಬಿಗೆ ಪೆಟ್ಟಾಗೇತಿ. ಮೂರು ವಾರ ದಿಂಬಿನ ಮ್ಯಾಲ ಕೂಡಸ್ರಿ” ಎಂದಿದ್ದರು. ಅಪ್ಪ ತಲೆಯಾಡಿಸಿದ್ದ. ಬಾಲದ ಎಲುಬು ಅಂದರೇನು ಎಂದು ಯಾರೂ ಕೇಳಲಿಲ್ಲ. ಕೇಳಲು ಸ್ನೇಹಲಳಿಗೆ ಹೆದರಿಕೆ.

ಆ ಮಾತನ್ನು ಆಕೆ ಹೇಳಿದ್ದು ಒಬ್ಬಳಿಗೇ, ಪಕ್ಕದಲ್ಲಿ ಕೂರುವ ರೂಪಾಲಿಗೆ. ಅದೂ ಆಣೆ ಮಾಡಿಸಿಕೊಂಡು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಅದು ಸುರಜನ ಕಿವಿಗೆ ಬಿದ್ದಿತ್ತು.

ಸಂಜೆ ಸ್ನೇಹಲ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಬೆನ್ನಿನ ಕೆಳಗೆ ಬೆರಳಾಡಿಸಿ ನೋಡಿದಳು. ನೋವಿದ್ದ ಜಾಗದಲ್ಲಿ ಗಟ್ಟಿಯಾಗಿ ಏನೋ ಇತ್ತು. ಇದು ಬೆಳೆದರೆ? ಸ್ಕರ್ಟಿನಿಂದ ಹೊರಗೆ ಬಂದರೆ?

“ಅವ್ವಾ, ನಾ ನಾಳೆ ಸಾಲಿಗೆ ಹೋಗಂಗಿಲ್ಲ.”

“ಯಾಕಂತ?”

“ಸುಮ್ನ.”

“ಸುಮ್ನ ಅಂದ್ರ ಹೋಗಬೇಕು” ಎಂದಳು ಅವ್ವ.

ಬೆಳಿಗ್ಗೆ ಅವ್ವನ ಮಾತೇ ನಡೆಯಿತು. ಆದರೆ ಹೊರಡುವ ಮುಂಚೆ ಸ್ನೇಹಲ ಕಪಾಟಿನ ಮೇಲಿದ್ದ ಎಕ್ಸ್‌ರೇ ಕವರನ್ನು ಇಳಿಸಿಕೊಂಡಳು. ಶಾಲೆ ಮುಟ್ಟಿದವಳೇ ನೇರ ವಿಜ್ಞಾನದ ಸಾದಿಕ ಸರ್ ಹತ್ತಿರ ಹೋದಳು.

“ಸರ್, ಈ ಬಾಲದ ಎಲುಬು ನನಗಷ್ಟ ಐತೇನ್ರಿ?”

ಸರ್ ನಗಲಿಲ್ಲ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಇದನ್ನ ಕ್ಲಾಸಿನಾಗ ತೋರಸಲೇನು? ನಿನಗ ಬ್ಯಾಡಂದ್ರ ಬ್ಯಾಡ.”

ಸ್ನೇಹಲ ಖಾಲಿ ಕವರನ್ನೂ ಸರ್ ಕೈಗೆ ಕೊಟ್ಟಳು. “ತೋರಸ್ರಿ” ಎಂದಳು.

ಕ್ಲಾಸಿಗೆ ಬಂದ ಸರ್ ಫಿಲ್ಮಿನಲ್ಲಿ ಬೆನ್ನೆಲುಬಿನ ತುದಿ ತೋರಿಸಿ, ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. “ಬೆನ್ನೆಲುಬಿನ ಗುಂಟ ಬೆರಳು ಇಳಸ್ರಿ. ಕಡೀಕ ಏನು ಹತ್ತತೈತಿ?”

ಎಲ್ಲರ ಕೈಗಳೂ ಬೆನ್ನ ಹಿಂದೆ ಹೋದವು.

“ಸರ್, ನನಗೂ ಐತ್ರಿ!” ರೂಪಾಲಿ ಚೀರಿದಳು. ಸುರಜನ ಕೈ ಬೆನ್ನ ಹಿಂದೆಯೇ ಉಳಿಯಿತು, ಮುಖ ಇಳಿದಿತ್ತು.

“ಎಲ್ಲಾರಿಗೂ ಐತಿ, ನನಗೂ ಐತಿ” ಎಂದರು ಸರ್. “ನಮ್ಮ ಭಾಳ ಹಳೇ ಹಿರೇರಿಗೆ ಬಾಲ ಇತ್ತು. ಬಾಲ ಹೋತು, ಬುಡ ಉಳೀತು. ಕೂತಾಗ ಕೆಲಸಕ್ಕ ಬರತೈತಿ. ಇನ್ನ ಬಾಲ ಬೆಳಿಯಂಗಿಲ್ಲ.” ಕೊನೆಯ ಮಾತನ್ನು ಅವರು ಸ್ನೇಹಲಳನ್ನು ನೋಡಿಯೇ ಹೇಳಿದರು.

ಸುರಜ ಕೈ ಎತ್ತಿದ. “ಅಂದ್ರ ಮಂಗ್ಯಾ ಹೋಗಿ ಮನಶ್ಯಾ ಆಗೇತೇನ್ರಿ? ಹಂಗಾದ್ರ ಇನ್ನೂ ಮಂಗ್ಯಾ ಯಾಕ ಅದಾವ್ರಿ?”

“ನಿಮ್ಮ ಕಾಕಾನ ಮಗ ಎಲ್ಲಿರತಾನ?”

“ಉಗಾರದಾಗ್ರಿ.”

“ನೀ ಅವನ ಮಗ ಏನು?”

“ಇಲ್ರಿ!” ಸುರಜನಿಗೂ ನಗು ಬಂತು. “ಇಬ್ಬರಿಗೂ ಅಜ್ಜ ಒಬ್ಬಾಂವ್ರಿ.”

“ನಾವೂ ಮಂಗ್ಯಾನೂ ಹಂಗ. ಕೋಟಿಗಟ್ಟಲೆ ವರ್ಷದ ಹಿಂದ ಇಬ್ಬರಿಗೂ ಹಿರೇರು ಒಂದ. ಅವು ಈಗಿನ ಮಂಗ್ಯಾನೂ ಅಲ್ಲ, ಮನಶ್ಯಾನೂ ಅಲ್ಲ. ಅವುಗಳ ಮಕ್ಕಳ ಮಕ್ಕಳು ಬ್ಯಾರೆ ಬ್ಯಾರೆ ದಾರಿ ಹಿಡದ್ವು.”

ಪಿರಿಯಡ್ ಮುಗಿದ ಮೇಲೆ ರೂಪಾಲಿ ಮೆಲ್ಲಗೆ, “ತಪ್ಪಾತು” ಎಂದಳು.

ಸ್ನೇಹಲ ದಿಂಬನ್ನು ಎತ್ತಿ ಸರಿಯಾಗಿ ಇಟ್ಟುಕೊಂಡಳು. ಆಮೇಲೆ ಕೇಳಿದಳು, “ನಿಂದು ದೊಡ್ಡದೈತೇನು?”

“ಇಲ್ಲಬೇ, ಸಣ್ಣದ.” ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನೇಹಲಳ ಅಜ್ಜಿ, ಆಯಿ ಚನ್ನವ್ವ, ಹಿತ್ತಲಲ್ಲಿ ಕಾಲು ಚಾಚಿ ಕೂತು, ಕಾಕಿಯ ಎರಡು ತಿಂಗಳ ಕೂಸನ್ನು ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಓಣಿಯ ಅರ್ಧ ಮಕ್ಕಳಿಗೆ ನೀರೆರೆದ ಕೈ ಅದು. ಬೆನ್ನ ಮೇಲೆ ಜೋರಾಗಿ ಓಡುತ್ತಿದ್ದ ಅಂಗೈ ಕೆಳಗೆ ಬಂದಾಗ ಮೆತ್ತಗಾಗುತ್ತಿತ್ತು.

“ಆಯಿ, ಅಲ್ಲಿ ಯಾಕ ಹಗೂರ ತಿಕ್ಕತಿ?”

“ಅಲ್ಲೊಂದು ಸಣ್ಣ ಎಲುಬು ಇರತೈತವ್ವಾ. ಎಲ್ಲಾ ಕೂಸಿಗೂ. ಜ್ವಾಕಿ ಬೇಕು.”

“ಅದು ಏನಂತ ಗೊತ್ತೇನ?”

“ಯಾರಿಗ್ಗೊತ್ತ. ಕೈಗೆ ಹತ್ತತೈತಿ, ಅಷ್ಟ.”

ಸ್ನೇಹಲ ಹೇಳಲು ಬಾಯಿ ತೆರೆದಳು. ಆದರೆ ಆಯಿಯ ಕೈ ನೋಡಿ ಕೂಸಿನ ಕಡೆ ಬಗ್ಗಿದಳು. ಬೆರಳಿಗೆ ಒಂದು ಹನಿ ಎಣ್ಣೆ ಹಚ್ಚಿಕೊಂಡು ಕೂಸಿನ ಬೆನ್ನಿನ ತುದಿ ಮುಟ್ಟಿದಳು. ಇತ್ತು. ಅಷ್ಟು ಹಳೆಯದು, ಇಷ್ಟು ಹೊಸ ಮೈಯಲ್ಲಿ.

ಆಯಿ ಆಕೆಯ ಬೆರಳನ್ನೇ ನೋಡುತ್ತಿದ್ದಳು.

“ಹಾಂ, ಹಂಗ” ಎಂದಳು. “ಹಗೂರ.”